ನಡುಗದ ಹಗ್ಗ

ಬೆಲ್ಗಾಸೆಮನ ಡೇರೆಯಲ್ಲಿ ಎರಡು ನಾಯಿಗಳಿವೆ ಎಂದು ಯಾರಾದರೂ ಅಂದರೆ ಅವನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ನಾಯಿ ಇದ್ದದ್ದು ಒಂದೇ. ಅದು ಹೊರಗೆ, ಮೇಕೆಗಳ ಬೇಲಿಯ ಪಕ್ಕದಲ್ಲಿ, ಕೊಳೆ ಹಿಡಿದ ಬಿಳಿ ಕೂದಲು ಹೊತ್ತು ಬಿದ್ದಿರುತ್ತಿತ್ತು. ಅದಕ್ಕೊಂದು ಹೆಸರೂ ಇರಲಿಲ್ಲ. ಒಳಗೆ ಉಣ್ಣೆಯ ಹಾಸಿನ ಮೇಲೆ ಮಲಗುತ್ತಿದ್ದವಳು ಬರ್ಗಾ. ಅವಳು ಸ್ಲೂಗಿ, ಮೊಲದ ಬೇಟೆಗೆಂದೇ ಸಾಕುವ ತೆಳುಮೈಯ ತಳಿ. ಸ್ಲೂಗಿಯನ್ನು ನಾಯಿ ಅನ್ನುವವರು ಪಟ್ಟಣದವರು, ಇಲ್ಲವೇ ತಿಳಿಗೇಡಿಗಳು ಎಂಬುದು ಅವನ ಖಚಿತ ಅಭಿಪ್ರಾಯ. ಆ ಎರಡೂ ಒಂದೇ ಎಂದು ಆಗಾಗ ಸೇರಿಸುತ್ತಲೂ ಇದ್ದ.

ಡೂಝ್‌ ಪಟ್ಟಣದ ದಕ್ಷಿಣಕ್ಕೆ, ಮರಳು ಶುರುವಾಗುವ ಕಡೆ, ವಸಂತದಲ್ಲಿ ಮೇಕೆ ಒಂಟೆಗಳನ್ನು ಹೊಡೆದುಕೊಂಡು ಹೋಗಿ ಡೇರೆ ಹಾಕುವ ಮನೆತನಗಳಲ್ಲೆಲ್ಲ ಇದೇ ಕಟ್ಟಳೆ. ಕಾವಲಿನ ನಾಯಿಯನ್ನು ಕಣ್ಣು ಬಿಡುವ ಮೊದಲೇ ಮೇಕೆಮರಿಗಳ ನಡುವೆ ಹಾಕುತ್ತಾರೆ. ಅದರ ಬೆನ್ನು ಸವರುವುದಿಲ್ಲ, ಮುದ್ದು ಮಾಡುವುದಿಲ್ಲ. ಮನುಷ್ಯರ ಕೈ ರುಚಿ ಹತ್ತಿದ ನಾಯಿ ಕಳ್ಳನ ಕೈಯನ್ನೂ ನೆಕ್ಕುತ್ತದೆ ಎಂದು ಹಿರಿಯರ ಲೆಕ್ಕ. ನಾಯಿ ಮುಟ್ಟಿದರೆ ಮೈಲಿಗೆಯೇನಿಲ್ಲ ಎಂದು ಡೂಝ್‌ನ ಇಮಾಮರು ಎಷ್ಟು ಸಲ ಬಿಡಿಸಿ ಹೇಳಿದರೂ ಜನ ತಲೆದೂಗಿ ಬಂದು, ಡೇರೆಯೊಳಗೆ ಮೂಗು ತೂರಿಸಿದ ನಾಯಿಗೆ ಮತ್ತೆ ಕಲ್ಲು ಬೀರುತ್ತಿದ್ದರು. ಸ್ಲೂಗಿಯ ದಾರಿ ಬೇರೆ. ಅದು ಮನೆಯವರು ತಿಂದದ್ದನ್ನೇ ತಿನ್ನುತ್ತದೆ, ಚಳಿಗೆ ಅದಕ್ಕೂ ಒಂದು ಹೊದಿಕೆ ನೇಯುತ್ತಾರೆ. ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಕೊಟ್ಟರೆ ಕೈಯೆತ್ತಿ ಕೊಡಬೇಕು.

ಬರ್ಗಾ ಹುಟ್ಟಿದಾಗ ಅವಳ ತಾಯಿಗೆ ಹಾಲಿರಲಿಲ್ಲ. ಬೆಲ್ಗಾಸೆಮನ ಹೆಂಡತಿ ಸಾಲ್ಹಾ ಮೇಕೆಯ ಹಾಲಿನಲ್ಲಿ ಬೆರಳದ್ದಿ ಚೀಪಿಸಿ ಬದುಕಿಸಿದ್ದಳು. ಪಳಗಿಸಿದ್ದು ಮಾತ್ರ ಬೆಲ್ಗಾಸೆಮ್. ಮೊದಲು ಮರಳಿನಲ್ಲಿ ಕುಪ್ಪಳಿಸುವ ಇಲಿಗಳ ಹಿಂದೆ ಬಿಟ್ಟ, ಆಮೇಲೆ ಎಳೆಯ ಮೊಲ, ಆಮೇಲೆ ಬಲಿತ ಮೊಲ. ಹಿಡಿದದ್ದನ್ನು ಹರಿಯದೆ ತಂದು ಕಾಲ ಬಳಿ ಇಡುವುದನ್ನು ಕಲಿಸಿದ. ಮೇಕೆ ಕುರಿಗಳ ನಡುವೆ ನಡೆದರೂ ಕಣ್ಣು ಹೊರಳಿಸದಿರುವುದನ್ನು ಕಲಿಸಿದ. ಇಷ್ಟಕ್ಕೂ ಅವನು ಕೈ ಎತ್ತಿದವನಲ್ಲ. ಸ್ಲೂಗಿಗೆ ಹೊಡೆದರೆ ಅದು ಹೆದರುವುದಿಲ್ಲ, ನಿಮ್ಮನ್ನು ಮನಸ್ಸಿನಿಂದ ತೆಗೆದುಹಾಕುತ್ತದೆ.

ಬೇಟೆಗೆ ಹೋದಾಗ ಅವಳ ಕೊರಳಪಟ್ಟಿಯ ಬಳೆಯಲ್ಲಿ ಒಂದು ಹಗ್ಗ ತೂರಿಸಿ ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದಿರಬೇಕು. ಮೊಲ ಕಂಡಾಗ ಒಂದು ತುದಿ ಬಿಟ್ಟು ‘ಹೋಗು’ ಅನ್ನಬೇಕು. ಅಲ್ಲಿಯವರೆಗೆ ಅವಳು ಅಲುಗುವುದಿಲ್ಲ. ಆದರೆ ಮೊಲ ಮೊದಲು ಕಾಣುವುದು ಅವಳಿಗೇ. ಕಂಡ ಕ್ಷಣ ಅವಳ ಮೈ ಸಣ್ಣಗೆ ನಡುಗುತ್ತದೆ, ಆ ನಡುಕ ಹಗ್ಗದುದ್ದಕ್ಕೂ ಹರಿದು ಬೇಟೆಗಾರನ ಅಂಗೈಗೆ ಬರುತ್ತದೆ.

ಆ ನಡುಕವೇ ಹೋದ ಚಳಿಗಾಲವಿಡೀ ಬೆಲ್ಗಾಸೆಮನ ಮಾನ ಕಾಪಾಡಿತ್ತು. ಏಕೆಂದರೆ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.

ಅದು ಖರ್ಜೂರದ ಕೊಯ್ಲಿನ ಹೊತ್ತಿಗೆ ಶುರುವಾಗಿತ್ತು. ಯಾವುದನ್ನು ದಿಟ್ಟಿಸಿದರೂ ಸರಿಯಾಗಿ ಅದರ ಮೇಲೆಯೇ ಹೊಗೆ ಕೂತಂತೆ ಆಗುತ್ತಿತ್ತು. ಅಂಚಿನಲ್ಲಿ ಮಾತ್ರ ಏನೋ ಬೆಳಕು, ಏನೋ ಅಲುಗಾಟ. ಯಾರಿಗೂ ಹೇಳದೆ ಕೆಬಿಲಿಯ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡ. ಹೋದದ್ದು ಇನ್ನು ಬರುವುದಿಲ್ಲ, ಉಳಿದದ್ದೂ ನಿಲ್ಲುವುದು ಕಷ್ಟ ಎಂದರು. ಡೇರೆಗೆ ಬಂದು, ಮರಳಿನ ಧೂಳಿಗೆ ಔಷಧಿ ಕೊಟ್ಟಿದ್ದಾರೆ ಎಂದು ಸುಳ್ಳು ಹೇಳಿದ.

ಕುರುಡನಾಗುವ ಭಯ ಅವನಿಗೆ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಕಾಲು ಬಿದ್ದವನು, ಕಣ್ಣು ಹೋದವನು ತನ್ನ ಸ್ಲೂಗಿಯನ್ನು ಓಡಿಸಬಲ್ಲವನ ಕೈಗೆ ಒಪ್ಪಿಸಬೇಕು. ಓಡುವ ಜೀವವನ್ನು ಮುಪ್ಪಿನ ಪಕ್ಕದಲ್ಲಿ ಕಟ್ಟಿಹಾಕುವುದು ಅಲ್ಲಿ ನಾಚಿಕೆಗೇಡು. ಅವನ ಅಪ್ಪನೂ ಮೊಣಕಾಲು ಕೈಕೊಟ್ಟಾಗ ಹಾಗೆಯೇ ಕೊಟ್ಟಿದ್ದ. ಕೊಟ್ಟ ಮೇಲೆ ಆ ಮನುಷ್ಯ ಡೇರೆಯ ಬಾಗಿಲಿಗೆ ಬೆನ್ನು ಹಾಕಿ ಕೂರುವುದನ್ನು ಬೆಲ್ಗಾಸೆಮ್ ವರ್ಷಗಟ್ಟಲೆ ಕಂಡಿದ್ದ. ಬರ್ಗಾ ಇಲ್ಲದ ಡೇರೆಯನ್ನು ಅವನಿಗೆ ನೆನೆಯಲೂ ಆಗುತ್ತಿರಲಿಲ್ಲ.

ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡ. ಬೇಟೆಯಲ್ಲಿ ಹಗ್ಗ ನಡುಗಿದೊಡನೆ ತುದಿ ಬಿಡುತ್ತಿದ್ದ, ಬರ್ಗಾ ಮೊಲ ತರುತ್ತಿದ್ದಳು, ಹದ್ದಿನ ಕಣ್ಣು ನಿನ್ನದು ಎಂದು ಜೊತೆಗಾರರು ಬೆನ್ನು ತಟ್ಟುತ್ತಿದ್ದರು. ಡೇರೆಯತ್ತ ಯಾರು ಬಂದರೂ ದೂರದಿಂದಲೇ ಹೆಸರು ಹಿಡಿದು ಕರೆಯುತ್ತಿದ್ದ. ಹೊರಗಿನ ನಾಯಿ ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಬೊಗಳುತ್ತದೆ, ಅದನ್ನು ತಾನು ಕಲಿತುಬಿಟ್ಟಿದ್ದೇನೆ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದ. ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ಚಳಿಗಾಲ ಕಳೆಯಿತು.

ವಸಂತದ ಒಂದು ಬೆಳಗ್ಗೆ ಗಂಡಸರೆಲ್ಲ ಮೊಲಕ್ಕೆ ಹೊರಟರು. ಆ ಡೇರೆಗಳ ಹಿರಿಯ ಧಾವು ಇದ್ದ. ಬೆಲ್ಗಾಸೆಮನ ವಾರಿಗೆಯವನು, ಒರಟು ಮಾತಿನವನು, ಆದರೆ ಎರಡು ನಾಲಗೆಯವನಲ್ಲ. ಸಾಲ್ಹಾಳ ತಂಗಿಯ ಮಗ ಅಮ್ಮಾರನೂ ಡೂಝ್‌ನಿಂದ ತನ್ನ ಪಿಕಪ್ಪಿನಲ್ಲಿ ಬಂದಿದ್ದ. ಅವನು ಖರ್ಜೂರದ ತೋಟದ ಕಾವಲಿಗೆ ಜರ್ಮನ್ ಶೆಫರ್ಡ್ ಸಾಕಿದ್ದ. ಸೀಟಿ ಊದಿ, ಮಾಂಸದ ಚೂರು ಕೊಟ್ಟು, ಕೂರು ನಿಲ್ಲು ಎಲ್ಲ ಕಲಿಸಿದ್ದ. ಇದು ನಾಯಿಯೋ ಪೊಲೀಸ್ ಪೇದೆಯೋ, ಪಿಂಚಣಿ ಯಾವಾಗ ಎಂದು ಬೆಲ್ಗಾಸೆಮ್ ಅವನನ್ನು ಕಂಡಾಗಲೆಲ್ಲ ಕಾಡುತ್ತಿದ್ದ. ಆ ಹುಡುಗನಿಗೆ ಸ್ಲೂಗಿಯ ಆಸೆ ಬಹಳ ದಿನದ್ದು. ಬರ್ಗಾಳ ಮರಿ ಹುಟ್ಟಿದರೆ ಒಂದು ನನಗೆ ಎಂದು ಕೇಳಿ ಕೇಳಿ ಸುಸ್ತಾಗಿದ್ದ.

ಧಾವು, ಅಮ್ಮಾರ್ ಮತ್ತು ಉಳಿದವರು ಪೊದೆಗಳನ್ನು ಬಡಿದು ಮೊಲ ಎಬ್ಬಿಸಲು ದಿಬ್ಬದಾಚೆ ಹೋದರು. ಬೆಲ್ಗಾಸೆಮ್ ಬರ್ಗಾಳನ್ನು ಹಿಡಿದು ತಗ್ಗಿನ ಬಾಯಲ್ಲಿ ಒಬ್ಬನೇ ನಿಂತ. ಗದ್ದಲ ಹತ್ತಿರವಾಯಿತು. ಕಣ್ಣಂಚಿನಲ್ಲಿ ಕಂದುಬಣ್ಣದ್ದು ಏನೋ ಪೊದೆಯಿಂದ ಪೊದೆಗೆ ಜಿಗಿಯಿತು.

ಹಗ್ಗ ನಡುಗಲಿಲ್ಲ.

ಅವನು ಕಾದ. ಆ ಕಂದು ಮತ್ತೆ ಜಿಗಿಯಿತು. ಬರ್ಗಾ ಕಲ್ಲಿನಂತೆ ನಿಂತೇ ಇದ್ದಳು. ಅಷ್ಟರಲ್ಲಿ ದಿಬ್ಬದಾಚೆಯಿಂದ ಧಾವು, ನಿದ್ದೆ ಬಂತಾ ಬೆಲ್ಗಾಸೆಮ್ ಎಂದು ಕೂಗಿದ. ಯಾರೋ ನಕ್ಕದ್ದು ಕೇಳಿಸಿತು. ಆ ನಗು ಅವನ ಎದೆಗೆ ನಾಟಿತು. ಇವರಿಗೆ ಗೊತ್ತಾಗಿಬಿಟ್ಟಿದೆ, ಇವತ್ತೇ ಗೊತ್ತಾಗಿಬಿಟ್ಟಿದೆ ಎಂದು ಅವನಿಗೆ ಅನ್ನಿಸಿತು. ಹಗ್ಗದ ತುದಿ ಬಿಟ್ಟು ‘ಹೋಗು’ ಎಂದ.

ಬರ್ಗಾ ಹೋಗಲಿಲ್ಲ. ಹಿಂದೆಂದೂ ಹಾಗಾಗಿರಲಿಲ್ಲ. ಅವಳು ತಲೆ ತಿರುಗಿಸಿ ಅವನ ಮುಖದತ್ತ ನೋಡಿದಳು. ಆ ನೋಟ ಅವನಿಗೆ ಕಾಣದಿದ್ದರೂ ಬಿಸಿಯುಸಿರು ಕೈಗೆ ತಾಗಿತು. ಅವನು ಹಲ್ಲು ಕಚ್ಚಿ ಮತ್ತೆ ‘ಹೋಗು’ ಎಂದ, ಮೊಣಕಾಲಿನಿಂದ ಅವಳ ಪಕ್ಕೆಗೆ ತಿವಿದ. ಅವಳು ಹೋದಳು.

ಒಂದು ಎಳೆಯ ದನಿ ಕಿರುಚಿ ಥಟ್ಟನೆ ನಿಂತಿತು. ಮೊಲ ಹಾಗೆ ಕಿರುಚುವುದಿಲ್ಲ. ಬರ್ಗಾ ತಿರುಗಿ ಬಂದು, ಕಲಿತ ಹಾಗೆಯೇ, ಹಿಡಿದದ್ದನ್ನು ಅವನ ಕಾಲ ಬಳಿ ಇಟ್ಟು ಪಕ್ಕಕ್ಕೆ ಸರಿದಳು. ಅವನು ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿದ. ಸುರುಳಿ ಕೂದಲು ಸಿಕ್ಕಿತು, ಅದರ ಮೇಲೆ ಮೊಳಕೆಯೊಡೆಯುತ್ತಿದ್ದ ಎರಡು ಪುಟ್ಟ ಕೊಂಬು, ಕೆಳಗೆ ಮುರಿದ ಕುತ್ತಿಗೆ. ಮೇಕೆಮರಿ. ಅವನ ಕೈ ಅಲ್ಲೇ ನಿಂತುಹೋಯಿತು.

ಮರಿ ಧಾವುವಿನದು, ಹಿಂಡು ತಪ್ಪಿಸಿಕೊಂಡು ಬಂದದ್ದು. ದಿಬ್ಬ ಹತ್ತಿದವರಿಗೆಲ್ಲ ಕಂಡದ್ದು ಸ್ಲೂಗಿ ಮರಿಯ ಮೇಲೆರಗಿದ್ದು ಮಾತ್ರ. ಮೊದಲು ಓಡಿಬಂದ ಅಮ್ಮಾರ್ ಮರಿಯನ್ನೂ ದೊಡ್ಡಪ್ಪನ ಮುಖವನ್ನೂ ನೋಡಿ ಮೆಲ್ಲಗೆ ಕೇಳಿದ:

“ಹಗ್ಗ ಕೈ ಜಾರ್ತಾ ದೊಡ್ಡಪ್ಪ?”

ಹುಡುಗ ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ. ಬೆಲ್ಗಾಸೆಮ್ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಸುಮ್ಮನಿದ್ದ. ಸುಮ್ಮನಿದ್ದದ್ದೇ ಹೌದು ಎಂದಾಯಿತು. ಅವನ ಆಯುಷ್ಯದಲ್ಲಿ ಅಷ್ಟು ದೊಡ್ಡ ಸುಳ್ಳನ್ನು ಅವನು ಬಾಯಿ ಬಿಟ್ಟು ಹೇಳಿದ್ದೇ ಇಲ್ಲ.

ಹಿಂಡಿಗೆ ಬಾಯಿ ಹಾಕಿದ ಸ್ಲೂಗಿಯನ್ನು ಅವರು ಉಳಿಸುವುದಿಲ್ಲ. ಇದರಲ್ಲಿ ಹಗೆ ಇಲ್ಲ, ಕೋಪವೂ ಇಲ್ಲ. ತಾನಾಗಿ ಹಗ್ಗ ಕಿತ್ತುಕೊಂಡು ಮೇಕೆಯ ಮೇಲೆ ಬಿದ್ದದ್ದು ನಾಳೆಯೂ ಬೀಳುತ್ತದೆ, ಅದರ ಮರಿಗಳೂ ಬೀಳುತ್ತವೆ. ಮೇಕೆಯನ್ನೇ ನಂಬಿ ಬದುಕುವವರು ಬೇರೇನು ಮಾಡಿಯಾರು? ಧಾವುವಿನ ಡೇರೆಯಲ್ಲಿ ಕೂತು, ಚಹಾ ಕುದಿಸಿ, ಯಾರೂ ದನಿ ಏರಿಸದೆ ತೀರ್ಮಾನ ಮಾಡಿದರು. ಮಧ್ಯಾಹ್ನದ ನಂತರದ ನಮಾಜು ಮುಗಿದ ಮೇಲೆ ಆಗಲಿ ಎಂದರು. ಸಾಕಿದವನ ಕೈಯಿಂದ ಗುಂಡು ಹಾರಿಸುವಂತೆ ಕೇಳಬಾರದು, ನಾನೇ ಹಾರಿಸುತ್ತೇನೆ ಎಂದು ಧಾವು ಹೇಳಿದ. ಅಷ್ಟು ಮರ್ಯಾದೆ ಅವರಲ್ಲಿತ್ತು.

ಬೆಲ್ಗಾಸೆಮ್ ತನ್ನ ಡೇರೆಗೆ ಬಂದು ಕೂತ. ಸಾಲ್ಹಾ ಬೂದಿಯಲ್ಲಿ ಸುಟ್ಟ ರೊಟ್ಟಿಯನ್ನು ಮುರಿದು ಎಣ್ಣೆಯ ಬಟ್ಟಲಿನ ಜೊತೆ ಮುಂದಿಟ್ಟಳು. ಏನಾಯಿತೆಂದು ಕೇಳಲಿಲ್ಲ, ಆಗಲೇ ಎಲ್ಲ ಡೇರೆಗಳಿಗೂ ಸುದ್ದಿ ಮುಟ್ಟಿತ್ತು. ಅವನು ರೊಟ್ಟಿ ಮುಟ್ಟಲಿಲ್ಲ. ಬರ್ಗಾ ಬಂದು ಅವನ ತೊಡೆಯ ಮೇಲೆ ಮೂತಿ ಇಟ್ಟಳು. ಅವಳಲ್ಲಿ ಮುನಿಸಿರಲಿಲ್ಲ. ಮುನಿಸಿಕೊಂಡಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಅವನು ಲೆಕ್ಕ ಹಾಕಿದ. ಸುಮ್ಮನಿದ್ದರೆ ಬರ್ಗಾ ಸಾಯುತ್ತಾಳೆ, ಕಣ್ಣಿನ ಗುಟ್ಟು ಉಳಿಯುತ್ತದೆ. ಹೇಳಿದರೆ ಅವಳು ಉಳಿಯುತ್ತಾಳೆ, ಆದರೆ ಇನ್ನೊಬ್ಬನ ಡೇರೆಯಲ್ಲಿ. ಎರಡರಲ್ಲೂ ಅವನಿಗೆ ಅವಳಿಲ್ಲ. ಹೀಗಿದ್ದೂ ಇಷ್ಟು ಹೊತ್ತು ಕೂತು ಯೋಚಿಸುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಅವನಿಗೆ ಅಸಹ್ಯ ಬಂತು. ಅವಳು ಬೇಡವೆಂದಿದ್ದಳು. ಮಾತು ಬಾರದ ಪ್ರಾಣಿ ತನಗೆ ಬಂದ ಒಂದೇ ಭಾಷೆಯಲ್ಲಿ, ಅಲುಗದೆ ನಿಂತು, ಬೇಡವೆಂದಿತ್ತು. ಕಾಣದವನು ಕಾಣುವವಳನ್ನು ತಿವಿದು ಕಳಿಸಿದ. ಅವನು ಎದ್ದು, ಬರ್ಗಾಳ ಕೊರಳಿಗೆ ಹಗ್ಗ ಹಾಕಿಕೊಂಡು ಧಾವುವಿನ ಡೇರೆಯತ್ತ ನಡೆದ. ಹಿಂದೆ ಸಾಲ್ಹಾಳ ಹೆಜ್ಜೆ ಕೇಳಿಸಿತು. ಬರಬೇಡ ಎಂದು ಹೇಳುವ ಮನಸ್ಸಾಗಲಿಲ್ಲ.

ಗಂಡಸರು ನಮಾಜು ಮುಗಿಸಿ ಎದ್ದಿದ್ದರು. ಬೆಲ್ಗಾಸೆಮ್ ಪೀಠಿಕೆ ಹಾಕಲಿಲ್ಲ.

“ಹಗ್ಗ ಜಾರಲಿಲ್ಲ. ನಾನೇ ಬಿಟ್ಟೆ. ಅವಳು ಹೋಗಲ್ಲ ಅಂದ್ಲು, ನಾನೇ ತಿವಿದು ಕಳಿಸ್ದೆ. ನನಗೆ ಕಣ್ಣು ಕಾಣಲ್ಲ ಧಾವು. ಮೊಲ ಅಂದ್ಕೊಂಡೆ.”

ಧಾವು ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರಿನಲ್ಲೇ ಬೆಲ್ಗಾಸೆಮನಿಗೆ ತಿಳಿಯಿತು, ಇವರು ನಂಬಲಿಲ್ಲ ಎಂದು.

“ನಿನ್ನ ಸಂಕಟ ನನಗೆ ಅರ್ಥ ಆಗತ್ತೆ,” ಎಂದ ಧಾವು. “ನಿನ್ನ ಜಾಗದಲ್ಲಿ ನಾನಿದ್ರೂ ಏನಾದ್ರೂ ಕಟ್ಟಿ ಹೇಳ್ತಿದ್ದೆ. ಆದ್ರೆ ಕಣ್ಣು ಕಾಣಲ್ಲ ಅಂತ ಹೇಳ್ಬೇಡ ಮಾರಾಯ. ಈ ಚಳೀಲಿ ನೀನು ಹಿಡಿದಷ್ಟು ಮೊಲ ನಾವ್ಯಾರೂ ಹಿಡೀಲಿಲ್ಲ. ಮೊನ್ನೆ ನಾನಿನ್ನೂ ದಿಬ್ಬ ಇಳೀತಿದ್ದೆ, ಆಗ್ಲೇ ನೀನು ನನ್ನ ಹೆಸರು ಹಿಡಿದು ಕೂಗ್ದೆ.”

ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಗುಟ್ಟು ಈಗ ಅವನನ್ನೇ ಕಟ್ಟಿಹಾಕಿತ್ತು. ಅವನು ಹಗ್ಗದ ನಡುಕದ ಬಗ್ಗೆ ಹೇಳಿದ. ಅಮ್ಮಾರ್ ತಲೆ ಅಲ್ಲಾಡಿಸಿದ, ಉಳಿದವರು ನೆಲ ನೋಡಿದರು. ಹೊರಗಿನ ನಾಯಿಯ ಬಗ್ಗೆಯೂ ಹೇಳಿದ: ಅದು ಒಬ್ಬೊಬ್ಬರಿಗೂ ಬೇರೆ ಬೇರೆ ದನಿಯಲ್ಲಿ ಬೊಗಳುತ್ತದೆ, ಧಾವು ಒಮ್ಮೆ ಅದಕ್ಕೆ ಕಲ್ಲು ಹೊಡೆದಿದ್ದರಿಂದ ಅವನಿಗೆ ಗಂಟಲು ಹರಿದು ಬೊಗಳುತ್ತದೆ, ತನಗೆ ಅದರಿಂದ ಗೊತ್ತಾಗುತ್ತದೆ ಎಂದ. ಕೇಳುವವರಿಗೆ ಇದು ಮಕ್ಕಳಿಗೆ ಹೇಳುವ ಕಥೆಯಂತಿತ್ತು. ಒಬ್ಬ ಕೈ ಎತ್ತಿ, ಎಷ್ಟು ಬೆರಳು ಎಂದು ಕೇಳಿದ. ನಿನ್ನ ಕೈಯೇ ಕಾಣುತ್ತಿಲ್ಲ ಎಂದ ಬೆಲ್ಗಾಸೆಮ್. ಹಾಗೆ ಯಾರು ಬೇಕಾದರೂ ಹೇಳಬಹುದಲ್ಲ ಎಂದು ಆ ಮನುಷ್ಯ ಬೇಸರದಿಂದಲೇ ಕೈ ಇಳಿಸಿದ.

ಧಾವು ಎದ್ದು ಬಂದೂಕು ತೆಗೆದುಕೊಂಡ. ಆಗ ಸಾಲ್ಹಾ ಮುಂದೆ ಬಂದಳು. ಅವಳು ಹೆಚ್ಚು ಮಾತಿನವಳಲ್ಲ, ಗಂಡಸರ ಪಂಚಾಯಿತಿಯಲ್ಲಂತೂ ಬಾಯಿ ಬಿಟ್ಟವಳೇ ಅಲ್ಲ.

“ಇವರು ಹೇಳ್ತಿರೋದು ನಿಜ. ಆದ್ರೆ ಒಂದು ಮಾತು ಬಿಟ್ಟು. ನಾಯಿ ಎಲ್ಲರಿಗೂ ಒಂದೇ ಥರ ಬೊಗಳತ್ತೆ.”

ಬೆಲ್ಗಾಸೆಮ್ ದನಿ ಬಂದ ಕಡೆ ಮುಖ ತಿರುಗಿಸಿದ.

“ಖರ್ಜೂರದ ಕೊಯ್ಲಿನಲ್ಲಿ ಒಂದಿನ ಚಹಾದ ಲೋಟಕ್ಕೆ ಕೈ ಚಾಚಿದ್ರು. ಕೈ ಲೋಟ ಇಲ್ದಿರೋ ಕಡೆ ಹೋಯ್ತು,” ಎಂದಳು ಸಾಲ್ಹಾ. “ಅವತ್ತಿಂದ ಲೋಟನ ತಟ್ಟೆಗೆ ತಾಗಿಸಿ ಸದ್ದು ಮಾಡಿ ಇಡ್ತೀನಿ. ನೀರಿನ ಮಡಕೆ ಜರುಗಿಸಿದ್ದಕ್ಕೆ ಪಕ್ಕದ ಡೇರೆ ಹುಡುಗಿಗೆ ಬೈದೆ, ಅವಳು ಅತ್ತಳು, ಯಾಕೆ ಅಂತ ಹೇಳೋಕಾಗ್ಲಿಲ್ಲ. ಯಾರಾದ್ರೂ ಡೇರೆ ಕಡೆ ಬಂದ್ರೆ ನಾಯೀನ ಗದರ್ತೀನಿ, ಸುಮ್ನಿರು, ಧಾವು ಕಣೋ ಬರ್ತಿರೋದು, ಸುಮ್ನಿರು, ಅಮ್ಮಾರ್ ಕಣೋ ಅಂತ. ನೀವೆಲ್ಲ ಕೇಳಿದೀರಿ. ಹೆಸರಿಲ್ಲದ ನಾಯಿಗೆ ಬಂದವರ ಹೆಸರೆಲ್ಲ ಯಾರಾದ್ರೂ ಹೇಳಿಕೊಡ್ತಾರಾ?”

ಯಾರೋ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಅವಳ ಗದರಿಕೆ ಧಾವುವಿನ ನೆನಪಿಗೆ ಬಂದಿರಬೇಕು, ಬಂದೂಕಿನ ಹಿಡಿ ನೆಲಕ್ಕೆ ತಾಗಿದ ಸದ್ದಾಯಿತು.

ಆದರೆ ಆ ಹೊತ್ತಿನಲ್ಲಿ ಬೆಲ್ಗಾಸೆಮನಿಗೆ ಬಂದೂಕು, ಧಾವು, ಯಾವುದರ ಪರಿವೆಯೂ ಇರಲಿಲ್ಲ. ಆ ಗದರಿಕೆಯನ್ನು ಅವನು ದಿನಾ ಕೇಳಿದ್ದ. ಕೇಳಿಯೂ, ಅದಕ್ಕೂ ಮೊದಲೇ ಬೊಗಳಿನಿಂದ ತನಗೆ ತಿಳಿದಿತ್ತು ಎಂದು ನಂಬಿದ್ದ. ಒಂದು ಚಳಿಗಾಲವಿಡೀ ತಾನು ಒಬ್ಬನೇ ಹೊತ್ತೆ ಅಂದುಕೊಂಡ ಹೊರೆಯ ಇನ್ನೊಂದು ತುದಿ ಅವಳ ಹೆಗಲ ಮೇಲಿತ್ತು.

“ನನಗೆ ಹೇಳಬಹುದಿತ್ತಲ್ಲ ನೀನು,” ಎಂದ.

“ಹೇಳಿದ್ರೆ ಇವಳನ್ನ ಕೊಡ್ಬೇಕಾಗ್ತಿತ್ತು,” ಎಂದಳು ಅವಳು. “ನಿಮ್ಮ ಅಪ್ಪ ಹೆಂಗೆ ಕೂತಿರ್ತಿದ್ರು ಅಂತ ನಾನೂ ನೋಡಿದೀನಿ.”

ಧಾವು ಬಂದೂಕನ್ನು ಡೇರೆಯ ಕಂಬಕ್ಕೆ ಒರಗಿಸಿದ. ಸ್ಲೂಗಿಯ ಮೇಲೆ ತನ್ನ ದೂರಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ದೂರು ಇರುವುದು ಬೆಲ್ಗಾಸೆಮನ ಮೇಲೆ, ಆದರೆ ಅದನ್ನು ತಾನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ ಎಂದ. ಮುಂದಿನ ಮಾತು ಅವನ ಬಾಯಲ್ಲಿ ತಡವರಿಸಿತು. ಬೆಲ್ಗಾಸೆಮ್ ಅದನ್ನು ಅವನಿಂದ ಹೇಳಿಸಲಿಲ್ಲ.

“ಅಮ್ಮಾರ್, ಬಾ ಇಲ್ಲಿ.”

ಅಮ್ಮಾರ್ ಬಂದ. ಬೆಲ್ಗಾಸೆಮ್ ಹಗ್ಗವನ್ನು ಅವನ ಕೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಹುಡುಗನ ಕೈ ಬೆವರಿತ್ತು. ಇಷ್ಟು ವರ್ಷ ಬೇಡಿದ್ದು ಹೀಗೆ ಕೈಗೆ ಬಂದದ್ದಕ್ಕೆ ಅವನಿಗೆ ಅಳು ಬಂದಿತ್ತು, ನನಗೆ ಬೇಡ ದೊಡ್ಡಪ್ಪ, ಹೀಗಲ್ಲ ಎಂದು ತೊದಲಿದ.

“ಬೇಡ ಅಂತ ನೀನು ಹೇಳೋ ಹಾಗಿಲ್ಲ,” ಎಂದ ಬೆಲ್ಗಾಸೆಮ್. “ಸುಮ್ನೆ ಕೇಳು. ನಿನ್ನ ಆ ಪೊಲೀಸಪ್ಪನಿಗೆ ಕಲಿಸಿದ ಹಾಗೆ ಇವಳಿಗೆ ಕಲಿಸೋಕೆ ಹೋಗ್ಬೇಡ. ಅದು, ಯಜಮಾನ ಏನು ಹೇಳ್ತಾನೆ ಅಂತ ಬಾಯಿ ನೋಡ್ತಾ ಕೂರತ್ತೆ. ಅದೂ ಒಳ್ಳೇದೇ, ನಾನು ಸುಮ್ನೆ ಆಡ್ಕೋತಿದ್ದೆ. ಇವಳು ಹಂಗಲ್ಲ. ಸೀಟಿ ಊದ್ಬೇಡ, ಮಾಂಸದ ಚೂರು ತೋರಿಸ್ಬೇಡ, ಅವಳಿಗೆ ಅವಮಾನ ಆಗತ್ತೆ. ಹಗ್ಗ ಹಿಡಿದು ಸುಮ್ನೆ ನಿಂತ್ಕೋ. ಅವಳ ಮೈ ನಡುಗದೇ ಇದ್ರೆ ಬಿಡ್ಬೇಡ. ನಿನಗೆ ಎಷ್ಟೇ ಚೆನ್ನಾಗಿ ಕಾಣ್ತಿದ್ರೂ ಬಿಡ್ಬೇಡ. ಅವಳು ಬೇಡ ಅಂದ್ರೆ ಬೇಡ.”

ಅಮ್ಮಾರ್ ಹೂಂ ಎಂದ. ಬೆಲ್ಗಾಸೆಮ್ ಬಗ್ಗಿ ಬರ್ಗಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. ಉದ್ದನೆಯ ಮೂಗು, ತೆಳ್ಳಗಿನ ಕಿವಿ, ಕಣ್ಣಿನ ಕೆಳಗಿನ ಎಲುಬು. ನೋಡಲಾಗದ್ದನ್ನೆಲ್ಲ ಬೆರಳಿನಲ್ಲಿ ಒಮ್ಮೆ ಓದಿಕೊಂಡ. ಕ್ಷಮಿಸು ಎಂದು ಹೇಳಬೇಕೆಂದುಕೊಂಡಿದ್ದ. ಬಾಯಿಗೆ ಬಂದದ್ದು ಅವಳ ಹೆಸರಷ್ಟೇ.

ಪಿಕಪ್ಪಿನ ಬಾಗಿಲು ಹಾಕಿದ ಸದ್ದಾಯಿತು. ಗಾಡಿ ಮರಳಿನಲ್ಲಿ ಒಮ್ಮೆ ಒದ್ದಾಡಿ ಹಾದಿ ಹಿಡಿಯಿತು. ಗಂಡಸರು ಒಬ್ಬೊಬ್ಬರಾಗಿ ದೂರ ಸರಿದರು. ಬೆಲ್ಗಾಸೆಮ್ ಸದ್ದು ಹೋದ ದಿಕ್ಕಿಗೆ ಮುಖ ಮಾಡಿ ನಿಂತಿದ್ದ, ಪಕ್ಕದಲ್ಲಿ ಸಾಲ್ಹಾ.

“ಎಲ್ಲಿ ಕೂತಿದಾಳೆ?” ಎಂದು ಕೇಳಿದ.

“ಹಿಂದೆ. ತೊಟ್ಟಿಯಲ್ಲಿ, ನಿಂತಿದಾಳೆ.”

“ತಿರುಗಿ ನೋಡ್ತಿದಾಳಾ?”

ಸಾಲ್ಹಾ ತಕ್ಷಣ ಉತ್ತರಿಸಲಿಲ್ಲ. ಅವಳು ಯಾವ ಉತ್ತರ ಹುಡುಕುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

“ನಿಜ ಹೇಳು,” ಎಂದ. “ಇನ್ಮೇಲೆ ನನಗೆ ಇರೋದನ್ನೇ ಹೇಳು.”

“ಇಲ್ಲ,” ಎಂದಳು. “ಮುಂದೆ ನೋಡ್ತಿದಾಳೆ. ಗಾಳಿಗೆ ಮುಖ ಕೊಟ್ಟು.”

ಇಂಜಿನ್ನಿನ ಸದ್ದು ಸಣ್ಣದಾಗಿ, ಆಮೇಲೆ ಇಲ್ಲವಾಯಿತು. ಧಾವುವಿನ ಡೇರೆಯ ಮುಂದೆ ಇನ್ನೂ ನಾಲ್ಕಾರು ಜನ ನಿಂತು ನೋಡುತ್ತಿದ್ದಾರೆಂದು ಅವನಿಗೆ ತಿಳಿದಿತ್ತು.

“ಸಾಲ್ಹಾ, ಕೈ ಕೊಡು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವಳು ಕೊಟ್ಟಳು. ಅವನು ಅದನ್ನು ಹಿಡಿದುಕೊಂಡು ಅವಳ ಹಿಂದೆ ನಡೆದ.